ಕತ್ತರಿಯ ಸಾಕ್ಷಿ

ವಕೀಲರು ಚೀಲದಿಂದ ಮೊಳದುದ್ದದ ಕತ್ತರಿ ತೆಗೆದು ನ್ಯಾಯಾಧೀಶರ ಮುಂದೆ ಠಣ್ಣೆಂದು ಇಟ್ಟರು. ಉಡುಪಿನ ಕಾರ್ಖಾನೆಯ ಮಾಲೀಕರ ಕಡೆಯ ವಕೀಲರು ಅವರು. ಇಷ್ಟು ಭಾರದ್ದನ್ನು ದಿನವಿಡೀ ಆಡಿಸುವುದು ಹೆಂಗಸಿನ ಕೈಲಾಗುವ ಮಾತೇ ಎಂದು ಕೇಳಿ, ಸಾಕ್ಷಿಕಟ್ಟೆಯಲ್ಲಿದ್ದ ಕಟಿಂಗ್ ಮಾಸ್ಟರ ಕಡೆ ಕಣ್ಣು ಹಾಯಿಸಿದರು.

ದಾವೆ ಹೂಡಿದಾಕೆ ಎದುರು ಬೆಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಮಾಸ್ಟರ ಪಕ್ಕದಲ್ಲೇ ನಿಂತು ವರ್ಷಗಟ್ಟಲೆ ಕಟಿಂಗ್ ಮಾಡಿದವಳು. ಸಂಬಳ ಮಾತ್ರ ಹೆಲ್ಪರದು. ಕೇಳಿದ್ದಕ್ಕೆ, ಕಟಿಂಗ್ ಗಂಡಸರ ಕೆಲಸ ಎಂಬ ಉತ್ತರ. ಉಳಿದವರು ಗೊಣಗಿ ಸುಮ್ಮನಾದರು, ಈಕೆ ಕೋರ್ಟಿನ ಮೆಟ್ಟಿಲು ಹತ್ತಿದಳು. ಗಟ್ಟಿಗಿತ್ತಿ ಎಂದರೆ ಗಟ್ಟಿಗಿತ್ತಿ.

ಮಾಸ್ಟರು ಅಷ್ಟು ಗಟ್ಟಿಗರಲ್ಲ. ಹೆಂಡತಿಯ ಔಷಧಿ, ಮಗಳ ಓದು ಎಲ್ಲ ಈ ಕೆಲಸದ ಮೇಲೇ ನಿಂತಿತ್ತು. ಅವಳು ಬಟ್ಟೆ ಮಡಚುತ್ತಿದ್ದಳು ಅಷ್ಟೇ ಎಂದು ಹೇಳಿ ಬಂದುಬಿಡಿ ಎಂದು ಮಾಲೀಕರು ಬೆಳಿಗ್ಗೆ ಹೆಗಲ ಮೇಲೆ ಕೈಹಾಕಿ ಹೇಳಿದ್ದರು. ನೆಲ ನೋಡುತ್ತ ಅದನ್ನು ಹೇಳಿಯೂ ಆಗಿತ್ತು.

"ಹೇಗೆ ಕತ್ತರಿಸ್ತೀರಿ, ಸ್ವಲ್ಪ ತೋರ್ಸಿ," ಎಂದು ವಕೀಲರು ಬಟ್ಟೆಯೊಂದನ್ನು ಮುಂದೆ ಹಿಡಿದರು.

ಮಾಸ್ಟರು ಕತ್ತರಿಗೆ ಬೆರಳು ತೂರಿಸಿದರು. ಕೂರಲಿಲ್ಲ. ಬಟ್ಟೆ ಅಲಗುಗಳ ನಡುವೆ ಮಡಚಿಕೊಂಡಿತೇ ಹೊರತು ಒಂದೆಳೆಯೂ ತುಂಡಾಗಲಿಲ್ಲ. ಹಿಡಿಗೆ ಸುತ್ತಿದ್ದ ನೀಲಿ ಚಿಂದಿ ಕಂಡಾಗಲೇ ಅವರಿಗೆ ಹೊಳೆದದ್ದು, ಇದು ಆಕೆಯದು. ಕಟಿಂಗ್ ಟೇಬಲ್ಲಿನಲ್ಲಿ ಒಬ್ಬರ ಕತ್ತರಿಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಅತ್ತ ತಲೆಯೇ ಹಾಕದ ಮಾಲೀಕರಿಗೆ ಅದೆಲ್ಲಿ ಗೊತ್ತಿರಬೇಕು? ಎಲ್ಲಕ್ಕಿಂತ ಹೆಚ್ಚು ಪಳಪಳ ಹೊಳೆಯುತ್ತಿದ್ದುದನ್ನು ಎತ್ತಿಕೊಂಡು ಬಂದಿದ್ದರು.

"ಮೊಂಡಾಗಿದೆಯಾ?" ವಕೀಲರೇ ದಾರಿ ತೋರಿಸಿದರು.

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ವಾರವಾರವೂ ಆಕೆ ಇದನ್ನು ಸಾಣೆ ಹಿಡಿದು, ತನ್ನದೇ ಒಂದು ಕೂದಲು ಕತ್ತರಿಸಿ ನೋಡಿ, ತನ್ನಷ್ಟಕ್ಕೇ ನಗುವುದನ್ನು ಮಾಸ್ಟರು ನೋಡಿದ್ದರು. ಆಕೆಯ ಬಗ್ಗೆ ಸುಳ್ಳು ಹೇಳಿದ ನಾಲಿಗೆ ಆ ಅಲಗಿನ ಬಗ್ಗೆ ಹೇಳಲು ಏಳಲೇ ಇಲ್ಲ.

"ಮೊಂಡಲ್ಲ ಸ್ವಾಮಿ. ಇದು ಎಡಗೈಯವರ ಕತ್ತರಿ. ನಮ್ಮ ಟೇಬಲ್ಲಲ್ಲಿ ಎಡಗೈಯವರು ಅಂದ್ರೆ ಇವರೊಬ್ಬರೇ. ನಾನು ಆಗ್ಲೇ ಹೇಳಿದ್ದು ಸುಳ್ಳು."

ಮಾಲೀಕರ ಮುಖ ನೋಡುವ ಗೋಜಿಗೆ ಅವರು ಹೋಗಲಿಲ್ಲ. ಅಲಗನ್ನು ತಮ್ಮ ಕಡೆ ತಿರುಗಿಸಿಕೊಂಡು, ಹಿಡಿಯನ್ನು ಎದುರು ಬೆಂಚಿನತ್ತ ಚಾಚಿದರು.

"ಬನ್ನಿ ಮಾಸ್ಟರೇ, ನೀವೇ ತೋರ್ಸಿ."

ಕಾರ್ಖಾನೆಯಲ್ಲಿ ಆಕೆಯನ್ನು ಯಾರೂ ಹಾಗೆ ಕರೆದದ್ದಿಲ್ಲ. ಆಕೆ ಎದ್ದು ಬಂದು ಎಡಗೈ ಚಾಚಿದಳು.