ಚಾರ್ಟಿನ ರಾಜಾಧಿರಾಜ

ಥಿನ್ನರ್ ವಾಸನೆ ಮೂಗಿಗೆ ಬಡಿದರೆ ಈಗಲೂ ಗಲ್ಫಿನ ಸೀಬ್ ಊರಿನ ನಮ್ಮ ಫ್ಲಾಟಿನ ಆ ಶುಕ್ರವಾರದ ಮಧ್ಯಾಹ್ನ ನೆನಪಾಗುತ್ತದೆ.

ಶಾಲೆಯ ಚಾರ್ಟಿಗಾಗಿ ನಾನು ಪ್ರಾಚೀನ ಪರ್ಷಿಯಾದ ದೊರೆಗಳ ಬಿರುದುಗಳನ್ನು ಬರೆದಿದ್ದೆ: ಮಹಾರಾಜ, ರಾಜಾಧಿರಾಜ, ಸಕಲ ನಾಡುಗಳ ಒಡೆಯ. ರುಸೈಲ್‌ನ ಪೇಂಟ್ ಫ್ಯಾಕ್ಟರಿಯಲ್ಲಿ ಬಣ್ಣ ಬೆರೆಸುತ್ತಿದ್ದ ಪಪ್ಪ ಅದಕ್ಕೆ ಚಿನ್ನದ ಬಣ್ಣದ ಅಂಚು ಎಳೆದುಕೊಟ್ಟರು.

“ಒಬ್ಬನಿಗೇ ಇಷ್ಟೆಲ್ಲ ಹೆಸರಾ ಮಾರಾಯ್ತಿ?” ಎಂದು ನಕ್ಕರು.

“ದೊಡ್ಡವರಿಗೆ ಅಷ್ಟು ಇರ್ತದೆ ಪಪ್ಪಾ,” ಎಂದೆ.

ಆಮೇಲೆ ಸಹಿಗೆಂದು ಶಾಲೆಯ ಫಾರ್ಮ್ ಕೊಟ್ಟೆ. ತಂದೆಯ ಉದ್ಯೋಗ ಎಂಬಲ್ಲಿ ನಾನು ‘ಮ್ಯಾನೇಜರ್’ ಎಂದು ಬರೆದಿದ್ದೆ. ಪಪ್ಪ ಅದನ್ನು ಬಹಳ ಹೊತ್ತು ನೋಡಿದರು. ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಉಗುರಿನ ಸಂದಿಯನ್ನೂ ಬಿಡಲಿಲ್ಲ. ಕೈ ಪೂರ್ತಿ ಸ್ವಚ್ಛವಾದ ಮೇಲೆ ಸಹಿ ಹಾಕಿದರು.

“ಅಕ್ಷರ ಚೆಂದ ಉಂಟು,” ಎಂದರು.