ಉಪ್ಪಿನ ಭರಣಿ

ಭರಣಿಯ ಮುಚ್ಚಳ ಕಿರ್ರೆಂದಿತು. ಉಗ್ರಾಣದ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದ ಸೊಸೆ ಸಂದಿಗೆ ಕಣ್ಣಿಟ್ಟಳು. ಅನುಮಾನ ಸುಳ್ಳಾಗಲಿಲ್ಲ. ಒಲೆಯ ಮುಂದೆ ನಾದಿನಿ. ಕುದಿಯುವ ಬೇಳೆಗೆ ಒಂದು ಚಿಟಿಕೆ ಉಪ್ಪು ಉದುರಿಸಿ, ಸೌಟು ಆಡಿಸಿ, ಬೆಕ್ಕಿನ ಹೆಜ್ಜೆಯಲ್ಲಿ ಹೊರಟುಹೋದಳು.

ಸಿಕ್ಕಿಬಿದ್ದೆಯಾ ಎಂದು ಸೊಸೆ ಹಲ್ಲು ಕಚ್ಚಿದಳು.

ಈ ಮನೆಗೆ ಕಾಲಿಟ್ಟಾಗಿನಿಂದ ಇದೇ ಗೋಳು. ಎಷ್ಟು ಕೈ ಬಿಗಿಹಿಡಿದು ಹಾಕಿದರೂ ಊಟಕ್ಕೆ ಕೂರುವ ಹೊತ್ತಿಗೆ ಅಡುಗೆ ಉಪ್ಪುಪ್ಪು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಯಾರೂ ಚಕಾರ ಎತ್ತುವುದಿಲ್ಲ. ತಟ್ಟೆ ಬಳಿದು ತಿನ್ನುತ್ತಾರೆ, ಹೂಜಿ ಬರಿದಾಗುವಷ್ಟು ನೀರು ಕುಡಿಯುತ್ತಾರೆ, ಎದ್ದು ಹೋಗುತ್ತಾರೆ. ಮಾವ ಮಾತ್ರ ಕೈತೊಳೆಯುವ ನಲ್ಲಿಯ ಹತ್ತಿರ ಬೆನ್ನು ಹಾಕಿಕೊಂಡು ಬಹಳ ಹೊತ್ತು ನಿಲ್ಲುತ್ತಾರೆ. ನಿನ್ನೆ ಗಂಡ, "ಮುಖ ಬಾಡಿಹೋಗಿದೆ, ಸ್ವಲ್ಪ ದಿನ ತವರಿಗೆ ಹೋಗಿ ಬಾ" ಎಂದಿದ್ದ. ಹೋದರೆ ಮತ್ತೆ ಕರೆಸಿಕೊಳ್ಳುತ್ತಾರೆಂಬ ಧೈರ್ಯ ಅವಳಿಗಿರಲಿಲ್ಲ.

ಕಲ್ಲು ಮನಸ್ಸಿನ ಜನ. ಅತ್ತೆಯನ್ನು ಅವಳು ಕಂಡವಳಲ್ಲ. ಮದುವೆ ಗೊತ್ತಾಗುವ ಮೊದಲೇ ತೀರಿಕೊಂಡಿದ್ದರು. ಗೋಡೆಯ ಮೇಲೆ ಒಂದು ಫೋಟೋ ಇಲ್ಲ, ಯಾರ ಬಾಯಲ್ಲೂ ಅವರ ಸುದ್ದಿಯಿಲ್ಲ. ಮಣ್ಣು ಮಾಡಿ ಬಂದ ಮರುದಿನವೇ ಮಾವ ತಮ್ಮ ತಕ್ಕಡಿ ರಿಪೇರಿ ಅಂಗಡಿಯ ಬಾಗಿಲು ತೆಗೆದರಂತೆ. ಒಮ್ಮೆ ಅತ್ತೆಯ ಬಗ್ಗೆ ಕೇಳಿದ್ದಕ್ಕೆ ಗಂಡ, "ಆಗಿದ್ದು ಆಯ್ತಲ್ಲ, ಬಿಡು" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದ. ಹೆತ್ತವಳಿಗೇ ಕಣ್ಣೀರು ಹಾಕದವರು ಬಂದವಳಿಗೆ ಮರುಗುತ್ತಾರೆಯೇ?

ಹೊರಗೆ ಬಂದು ನಾದಿನಿಯ ಜುಟ್ಟು ಹಿಡಿಯಬೇಕೆನ್ನುವಷ್ಟರಲ್ಲಿ ಮುಚ್ಚಳ ಮತ್ತೆ ಕಿರ್ರೆಂದಿತು. ಈ ಸಲ ಗಂಡ. ಅತ್ತಿತ್ತ ನೋಡಿ ಅವನೂ ಒಂದು ಚಿಟಿಕೆ ಹಾಕಿದ. ಅವಳು ಎತ್ತಿದ ಹೆಜ್ಜೆಯನ್ನು ಹಿಂದಕ್ಕಿಟ್ಟಳು.

ಅವನು ಹೋದದ್ದೇ ತಡ, ಮಾವ ಬಂದರು. ಅಂಗಡಿಯಲ್ಲಿ ಗುಲಗಂಜಿ ತೂಕದ ವ್ಯತ್ಯಾಸಕ್ಕೂ ಹುಬ್ಬು ಗಂಟಿಕ್ಕುವ ಮನುಷ್ಯ, ಇಲ್ಲಿ ಕೈಗೆ ಬಂದಷ್ಟು ಉಪ್ಪನ್ನು ಸುರಿದು ಕಣ್ಣುಮುಚ್ಚಿ ಹಬೆಯ ಮುಂದೆ ಒಂದು ಗಳಿಗೆ ನಿಂತರು.

ಮನೆಗೆ ಮನೆಯೇ ಒಂದಾಗಿದೆ!

ಅವಳು ಅಳಲಿಲ್ಲ. ಬೇಳೆಯನ್ನು ಮೋರಿಗೆ ಬಗ್ಗಿಸಿ ಹೊಸದಾಗಿ ಬೇಯಿಸಿದಳು. ಭರಣಿಯನ್ನು ಕಂಕುಳಲ್ಲಿ ಇರುಕಿಕೊಂಡೇ ಒಲೆ ಕಾದಳು. ರುಚಿ ನೋಡಿದಳು. ಬಡಿಸಿ, ಭರಣಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಭರಣಿನೂ ಊಟಕ್ಕೆ ಕೂರುತ್ತಾ ಅತ್ತಿಗೆ?" ನಾದಿನಿ ನಕ್ಕಳು.

"ಹೂಂ. ಈ ಮನೇಲಿ ಅದಕ್ಕೂ ಕಾವಲು ಬೇಕು."

ಮೊದಲ ತುತ್ತಿಗೇ ನಾದಿನಿಯ ನಗು ಆರಿತು. ಗಂಡ ನೀರಿಗೆ ಕೈ ಚಾಚಿದ. ಬೇಕಾಗಲಿಲ್ಲ, ಕೈ ಹಿಂದೆಗೆದ. ಮಾವ ತುತ್ತನ್ನು ಬಾಯಲ್ಲಿ ಹೊರಳಿಸಿ ಹೊರಳಿಸಿ ಹೇಗೋ ನುಂಗಿದರು.

"ಹದವಾಗಿದೆಯಮ್ಮ" ಎಂದರು. ತಟ್ಟೆ ದೂರ ಸರಿಸಿದರು.

ಅವಳ ತಾಳ್ಮೆಯ ಕಟ್ಟೆ ಒಡೆಯಿತು. "ಹದವಾಗಿದ್ರೆ ಯಾಕೆ ಮಾವ ತಟ್ಟೆ ಸರಿಸ್ತೀರಾ? ನಾನೆಲ್ಲಾ ನೋಡಿದೀನಿ. ಮೊದಲು ಇವಳು, ಆಮೇಲೆ ಇವರು, ಕೊನೆಗೆ ನೀವು. ಮೂರು ಜನ ಮಾತಾಡಿಕೊಂಡು ಉಪ್ಪು ಸುರಿದು ನನ್ನ ಓಡಿಸ್ಬೇಕಾ? ಬಾಯಿಬಿಟ್ಟು ಹೇಳಿ, ಇವತ್ತೇ ಹೋಗ್ತೀನಿ!"

ಯಾರೂ ಅವಳತ್ತ ನೋಡಲಿಲ್ಲ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಕಳ್ಳನಿಗೆ ಕಳ್ಳ ಎದುರಾದಂತೆ.

"ಅಣ್ಣಾ, ನೀನೂನಾ?" ನಾದಿನಿ ಅಪ್ಪನತ್ತ ತಿರುಗಿದಳು. "ಅಪ್ಪಾ... ನೀವೂ?"

ಮಾವ ಭರಣಿಯನ್ನು ಹತ್ತಿರಕ್ಕೆಳೆದುಕೊಂಡು ಅದರ ಸವೆದ ಮುಚ್ಚಳದ ಮೇಲೆ ಅಂಗೈ ಇಟ್ಟರು.

"ನಿಮ್ಮಮ್ಮನ ಅಡುಗೇಲಿ ಒಂದು ದಿನವಾದ್ರೂ ಉಪ್ಪು ಹದವಾಗಿತ್ತೇನೇ, ಮಗಳೇ?"