ಬಿಸಿಲಿಗೆ ಹಿಡಿದ ಫೋಟೋ

“ಬಿಸಿಲಿಗೆ ಒಯ್ಯಬ್ಯಾಡ್ರಿ ಕಾಕಾ, ಇಂಕು ಇನ್ನೂ ಹಸಿ ಐತ್ರಿ!” ಎಂದು ಅಫ್ರೀನ್ ಕೂಗುವಷ್ಟರಲ್ಲಿ ಪರಮೇಶಪ್ಪ ತೀರಿಕೊಂಡ ತಾಯಿಯ ಫೋಟೋ ಹಿಡಿದು ಸ್ಟುಡಿಯೊದ ಹೊಸ್ತಿಲು ದಾಟಿಯಾಗಿತ್ತು.

ಹಸಿ ಎಂದದ್ದು ನೆಪ. ಡಾರ್ಕ್‌ರೂಮು ಮುಚ್ಚಿ ಹೊಸ ಇಂಕ್‌ಜೆಟ್ ಪ್ರಿಂಟರ್ ತಂದಿಟ್ಟ ಅಪ್ಪ, ಮದುವೆಯ ಫೋಟೋ ತೆಗೆಯಲು ಹಾವೇರಿಗೆ ಹೋಗಿದ್ದ. ಅವಳೊಬ್ಬಳೇ ಕೈಹಾಕಿದ ಮೊದಲ ಕಪ್ಪು-ಬಿಳುಪು ಕೆಲಸ ಇದು. ಬಣ್ಣದ ಇಂಕುಗಳನ್ನೇ ಬೆರೆಸಿ ಬೂದು ಮಾಡುವ ಆ ಯಂತ್ರದ ಕಪಟ ಅವಳಿಗೆ ಬೆಳಿಗ್ಗೆಯೇ ತಿಳಿದಿತ್ತು. ಟ್ಯೂಬ್‌ಲೈಟಿನ ಕೆಳಗೆ ಅಚ್ಚ ಕಪ್ಪು-ಬಿಳುಪು. ಬಾಗಿಲಾಚೆ ಒಯ್ದರೆ ನೆರಳಿದ್ದಲ್ಲೆಲ್ಲ ಹಸಿರು. ಹೊಳಪಿನ ಹಾಳೆ ಉಳಿದದ್ದು ನಾಲ್ಕೇ, ನಾಲ್ಕನೆಯದೂ ಹಸಿರಾಗಿತ್ತು. ನಾಳೆ ಕದರಮಂಡಲಗಿಯ ಪರಮೇಶಪ್ಪನ ಮನೆಯಲ್ಲಿ ತಾಯಿಯ ಶಿವಗಣಾರಾಧನೆ. ಪ್ರಿಂಟು ತೆಗೆಯಲು ಅವನು ತಂದುಕೊಟ್ಟ ಅಂಗೈಯಗಲದ ಹಳೇ ಫೋಟೋ ಬಿಟ್ಟರೆ ಮಾಲೆ ಹಾಕಲು ಬೇರೆ ಇರಲಿಲ್ಲ.

ಹೊರಗೆ ಪರಮೇಶಪ್ಪ ಫೋಟೋವನ್ನು ಕಣ್ಣ ಹತ್ತಿರ ತಂದ. ದೂರ ಹಿಡಿದ. ಮತ್ತೆ ಹತ್ತಿರ ತಂದ. ಅವನ ಹುಬ್ಬು ಗಂಟಾದದ್ದು ಕಂಡು ಅಫ್ರೀನ್ “ತಪ್ಪಾಗೈತ್ರಿ ಕಾಕಾ, ಕೊಡ್ರಿ ಇಲ್ಲೆ,” ಎಂದು ಓಡಿಬಂದು ಕೈ ಚಾಚಿದಳು.

ಅವನು ಕೊಡಲಿಲ್ಲ. ತಾಯಿಯ ಹಣೆಯ ಮೇಲಿನ ಹಚ್ಚೆಯ ತನಕ ಹೆಬ್ಬೆರಳು ಒಯ್ದು, ಇಂಕು ಹಸಿಯೆಂದದ್ದು ನೆನಪಾಗಿ, ಮುಟ್ಟದೆ ನಿಲ್ಲಿಸಿದ.

“ನಮ್ಮವ್ವನ ಹಚ್ಚಿ ಹಿಂಗ ಹಸರ ಇತ್ತು,” ಎಂದ. “ಹಳೇ ಫೋಟೋದಾಗ ಬರೇ ಕರ್ರಗ ಕಾಣತಿತ್ತು. ನೀ ಆಕಿನ್ನ ಒಮ್ಮಿನೂ ನೋಡಿಲ್ಲಲ್ಲವಾ, ನಿನಗ ಹೆಂಗ ಗೊತ್ತಾತು?”